ಸುದ್ದಿ ಹೊತ್ತು ಇಳಿದವರು



ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡು ಸಾವಿನ ಬಾಯಿಂದ ಬದುಕಿ ಬಂದವರ ಬಗ್ಗೆ ಜಗತ್ತಿನ ಹಲವು ಭಾಷೆಗಳಲ್ಲಿ ಸಿನಿಮಾಗಳಿವೆ. ನಿಜವಾಗಿ ನಡೆದ ದುರಂತವನ್ನೇ ಎತ್ತಿಕೊಂಡು ಮಾಡಿದ ಚಿತ್ರಗಳಿವು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಮ್ಮ ಹುಡುಗರೂ ಇವನ್ನು ಆಸೆಯಿಂದ ನೋಡುತ್ತಾರೆ. 2024ರಲ್ಲಿ ಬಂದ ಮಲಯಾಳದ ‘ಮಂಜುಮ್ಮೆಲ್ ಬಾಯ್ಸ್’ ಚಿತ್ರದ ಮಾತು ಗಡಿ ದಾಟಿ ನಮ್ಮ ಟೀ ಅಂಗಡಿಗಳಿಗೂ ಬಂತು. ಬಾರದೆ ಇದ್ದೀತೆ? ಗುಂಡ್ಲುಪೇಟೆಯಲ್ಲಿ ನಿಂತರೆ ಒಂದು ರಸ್ತೆ ವಯನಾಡಿಗೆ, ಇನ್ನೊಂದು ಊಟಿಗೆ ಹೋಗುತ್ತದೆ. ಕೊಚ್ಚಿ ಹತ್ತಿರದ ಮಂಜುಮ್ಮೆಲ್ ಎಂಬ ಊರಿನ ಗೆಳೆಯರು 2006ರಲ್ಲಿ ಕೊಡೈಕೆನಾಲಿನ ಗುಣ ಗುಹೆ ನೋಡಲು ಹೋದರು. ಅವರಲ್ಲೊಬ್ಬ ಆಳದ ಬಿರುಕಿಗೆ ಬಿದ್ದ. ಅವನನ್ನು ಮೇಲೆತ್ತಲು ಹಗ್ಗ ಕಟ್ಟಿಕೊಂಡು ಇಳಿದವನು ಅವನ ಗೆಳೆಯನೇ, ಸಿಜು ಡೇವಿಡ್. ಆ ಸಾಹಸಕ್ಕೆ ಮುಂದೆ ಸಿಜುಗೆ ಜೀವನ ರಕ್ಷಾ ಪದಕ ಬಂತು.

ಇಂಥ ಚಿತ್ರ ನೋಡುವಾಗ ನಮ್ಮ ಕಣ್ಣು ಸಿಕ್ಕಿಹಾಕಿಕೊಂಡವನ ಮೇಲೆಯೇ ಇರುತ್ತದೆ. ಅವನ ಉಸಿರು, ಅವನ ನಡುಗುವ ಕೈ, ಅವನ ಮನೆಯವರ ನೆನಪು. ನಾನು ಈ ಹೊತ್ತು ಹೇಳಬೇಕೆಂದುಕೊಂಡಿರುವುದು ಬೇರೆಯವರ ವಿಷಯ. ಬೆಟ್ಟದಲ್ಲಿ ಸಿಕ್ಕಿದವನು ಬದುಕಿ ಬಂದ ಎಂದರೆ, ಅವನಿಗಾಗಿ ನಡೆದವನೊಬ್ಬ ಇದ್ದಾನೆ. ಸುದ್ದಿ ಹೊತ್ತು ಕೆಳಗಿಳಿದವನು, ಇಲ್ಲವೇ ಸುದ್ದಿ ಕೇಳಿ ಮೇಲೇರಿ ಬಂದವನು. ಪರದೆಯ ಮೇಲೆ ಅವನಿಗೆ ಸಿಗುವುದು ಒಂದೆರಡು ನಿಮಿಷ. ಬೆಟ್ಟದ ಜಿಲ್ಲೆಯವರಾದ ನಾವು ಅವನನ್ನು ಅಷ್ಟರಲ್ಲೇ ಮರೆಯಬಾರದು ಎಂಬುದು ನನ್ನ ಆಸೆ.

ಈ ಬಗೆಯ ಚಿತ್ರಗಳಲ್ಲಿ ಹೆಚ್ಚು ಹೆಸರಾದದ್ದು ‘ಎವರೆಸ್ಟ್’. 2015ರಲ್ಲಿ ಬಂದದ್ದು, ನಿರ್ದೇಶಕರು ಐಸ್‌ಲ್ಯಾಂಡಿನ ಬಾಲ್ತಸಾರ್ ಕೊರ್ಮಾಕುರ್. ಕಥೆ ನಡೆಯುವುದು 1996ರ ಮೇ 10 ಮತ್ತು 11ರಂದು. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಅಂಥ ಆರು ಬೆಟ್ಟಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಎವರೆಸ್ಟಿಗೆ ನೂರು ಮೀಟರಿಗೂ ಹೆಚ್ಚು ಕಡಿಮೆಯಾಗುತ್ತದೆ. ಆ ತುದಿಯಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದ ಮೂರನೆಯ ಒಂದು ಭಾಗದಷ್ಟು. ಎಂಟು ಸಾವಿರ ಮೀಟರ್ ದಾಟಿದ ಮೇಲೆ ಮೈ ತನ್ನನ್ನು ತಾನೇ ಸವೆಸಿಕೊಳ್ಳುತ್ತ ಹೋಗುತ್ತದೆ, ಅಲ್ಲಿ ವಿಶ್ರಾಂತಿ ತೆಗೆದುಕೊಂಡರೂ ಬಲ ಮರಳುವುದಿಲ್ಲ. ಆದ್ದರಿಂದ ಅಲ್ಲಿಗೆ ಹೋಗುವವರು ಒಂದು ಗಂಟೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ. ತುದಿ ಮುಟ್ಟಿರಲಿ, ಮುಟ್ಟದಿರಲಿ, ಆ ಹೊತ್ತಿಗೆ ತಿರುಗಲೇಬೇಕು. ಆ ದಿನ ಮಾತಾಗಿದ್ದದ್ದು ಮಧ್ಯಾಹ್ನ ಎರಡು ಗಂಟೆ.

ನ್ಯೂಜಿಲೆಂಡಿನ ರಾಬ್ ಹಾಲ್ ಮತ್ತು ಅಮೆರಿಕದ ಸ್ಕಾಟ್ ಫಿಶರ್ ದುಡ್ಡು ಕೊಟ್ಟು ಬಂದವರನ್ನು ಶಿಖರಕ್ಕೆ ಕರೆದೊಯ್ಯುತ್ತಿದ್ದ ಅನುಭವಿಗಳು. ಅಂದು ಒಂದೇ ದಾರಿಯಲ್ಲಿ ಜನ ಹೆಚ್ಚಾದರು. ತುದಿಯ ಕೆಳಗಿನ ಕಡಿದಾದ ಜಾಗದಲ್ಲಿ ಕಟ್ಟಿರಬೇಕಾದ ಹಗ್ಗ ಕಟ್ಟಿರಲಿಲ್ಲ. ಕಾಯುತ್ತ ನಿಂತರು, ಹೊತ್ತು ಜಾರಿತು. ಡಗ್ ಹ್ಯಾನ್ಸನ್ ಎಂಬ ಅಂಚೆ ಇಲಾಖೆಯ ನೌಕರ ಹಿಂದಿನ ವರ್ಷ ಶಿಖರದ ಹತ್ತಿರ ಬಂದು ತಿರುಗಿದ್ದವನು. ಈ ಸಲವೂ ಅವನನ್ನು ಬರಿಗೈಯಲ್ಲಿ ಕಳಿಸಲು ಹಾಲ್‌ಗೆ ಮನಸ್ಸಾಗಲಿಲ್ಲ. ಅವನು ತುದಿ ಮುಟ್ಟುವಾಗ ನಾಲ್ಕು ಗಂಟೆಯ ಸುಮಾರು. ಸಂಜೆ ಬಿರುಗಾಳಿ ಎದ್ದಿತು. ಹ್ಯಾನ್ಸನ್ ಇಳಿಯಲಿಲ್ಲ, ಅವನನ್ನು ಬಿಟ್ಟು ಬರಲಾರದೆ ನಿಂತ ಹಾಲ್ ಕೂಡ ಇಳಿಯಲಿಲ್ಲ. ಮೇಲಿನಿಂದ ರೇಡಿಯೋ ಮೂಲಕ ಹಾಲ್ ತನ್ನ ಗರ್ಭಿಣಿ ಹೆಂಡತಿಯೊಡನೆ ಮಾತಾಡಿದರು, ಹುಟ್ಟಲಿರುವ ಮಗುವಿಗೆ ಹೆಸರು ಹೇಳಿದರು. ಇದು ಸಿನಿಮಾದವರು ಕಟ್ಟಿದ ದೃಶ್ಯವಲ್ಲ, ನಡೆದದ್ದು.

ಆ ಬಿರುಗಾಳಿ ಎಂಟು ಜನರನ್ನು ಕೊಂದಿತು. ಚಿತ್ರ ನೇಪಾಳದ ಕಡೆಯಿಂದ ಹತ್ತಿದವರ ಕಥೆ, ಅಲ್ಲಿ ಸತ್ತವರು ಐವರು. ಉಳಿದ ಮೂವರು ಟಿಬೆಟ್ಟಿನ ಕಡೆಯಿಂದ ಹತ್ತಿದ್ದ ನಮ್ಮ ದೇಶದವರು, ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ಲಡಾಖಿಗಳು: ತ್ಸೆವಾಂಗ್ ಸಮಾನ್ಲಾ, ದೊರ್ಜೆ ಮೊರುಪ್, ತ್ಸೆವಾಂಗ್ ಪಲ್ಜೋರ್. ಕೋಟಿಗಟ್ಟಲೆ ಸುರಿದು ಮಾಡಿದ ಚಿತ್ರವೊಂದಕ್ಕೂ ಎರಡು ಕಡೆಯ ಕಥೆ ಹೇಳಲು ಜಾಗ ಸಾಲದೇ ಹೋಗಬಹುದು, ಅದನ್ನು ಒಪ್ಪೋಣ. ಆದರೆ ನಾವು ಆ ಚಿತ್ರ ನೋಡಿ ಎದ್ದು ಬರುವಾಗ ಈ ಮೂರು ಹೆಸರುಗಳನ್ನು ನಾವಾದರೂ ಹೇಳಿಕೊಳ್ಳಬೇಕು.

ಬದುಕಿ ಬಂದ ಬೆಕ್ ವೆದರ್ಸ್ ವೃತ್ತಿಯಲ್ಲಿ ವೈದ್ಯ. ಹಿಮದಲ್ಲಿ ಬಿದ್ದಿದ್ದ ಅವನನ್ನು ಇನ್ನು ಉಳಿಯುವುದಿಲ್ಲ ಎಂದು ಜೊತೆಯವರು ಬಿಟ್ಟಿದ್ದರು. ಅವನು ತಾನಾಗಿ ಎದ್ದು ನಡೆದು ಶಿಬಿರಕ್ಕೆ ಬಂದ. ಚಿತ್ರದಲ್ಲಿ ಮೈ ಜುಮ್ಮೆನ್ನಿಸುವ ಭಾಗವಿದು, ಅನ್ನಿಸಬೇಕಾದ್ದೇ. ಆದರೆ ಎದ್ದು ಬಂದ ಮಾತ್ರಕ್ಕೆ ಅವನು ಬದುಕಲಿಲ್ಲ. ಕೈಗಳು ಹಿಮಕ್ಕೆ ಸತ್ತುಹೋಗಿದ್ದವು, ಕಣ್ಣು ಕಾಣುತ್ತಿರಲಿಲ್ಲ. ಜೊತೆಯವರು ಹಿಡಿದು ನಡೆಸಿ ಆರು ಸಾವಿರ ಮೀಟರಿನ ಎತ್ತರಕ್ಕೆ ತಂದರು. ಅಲ್ಲಿಗೆ ಹೆಲಿಕಾಪ್ಟರ್ ತಂದವರು ನೇಪಾಳ ಸೇನೆಯ ಮದನ್ ಖತ್ರಿ ಛೇತ್ರಿ. ಅಷ್ಟು ತೆಳು ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಸಿಗುವುದೇ ಕಷ್ಟ. ಭಾರ ಇಳಿಸಿಕೊಂಡು ಬಂದರೂ ಒಮ್ಮೆಗೆ ಒಬ್ಬನನ್ನಷ್ಟೇ ಒಯ್ಯಬಹುದಿತ್ತು. ಮೊದಲು ತೈವಾನಿನ ಮಕಾಲು ಗಾವು ಅವರನ್ನು ಒಯ್ದರು. ಹೋದವರು ಮತ್ತೆ ಬರುತ್ತಾರೆಂದು ಯಾರಿಗೂ ಭರವಸೆ ಇರಲಿಲ್ಲ. ಛೇತ್ರಿ ಬಂದರು. ಎರಡನೆಯ ಸಲ ಬಂದರಲ್ಲ, ಆ ಘಳಿಗೆಯೇ ನನಗೆ ಈ ಕಥೆಯ ನಿಜವಾದ ಶಿಖರ.

ಇನ್ನೊಂದು ಚಿತ್ರವಿದೆ, 2023ರಲ್ಲಿ ಸ್ಪಾನಿಷ್ ಭಾಷೆಯಲ್ಲಿ ಬಂದ ‘ಸೊಸೈಟಿ ಆಫ್ ದ ಸ್ನೋ’. ಅದು ಪರ್ವತಾರೋಹಿಗಳ ಕಥೆಯಲ್ಲ. 1972ರ ಅಕ್ಟೋಬರ್ 13ರಂದು ಉರುಗ್ವೆಯ ರಗ್ಬಿ ಆಟಗಾರರನ್ನು ಹೊತ್ತ ವಿಮಾನ ಆಂಡೀಸ್ ಪರ್ವತಕ್ಕೆ ಅಪ್ಪಳಿಸಿತು. 45 ಜನ ಇದ್ದರು, 72 ದಿನಗಳ ಮೇಲೆ ಉಳಿದವರು 16. ಸತ್ತ ಗೆಳೆಯರ ದೇಹವನ್ನೇ ತಿಂದು ಬದುಕಬೇಕಾಯಿತು ಎಂಬುದನ್ನೇ ಎಲ್ಲರೂ ಮೊದಲು ಹೇಳುತ್ತಾರೆ. ನನ್ನ ಮನಸ್ಸು ನಿಲ್ಲುವುದು ಕೊನೆಯ ಭಾಗದಲ್ಲಿ. ನಾಂಡೋ ಪರಾಡೊ, ರೊಬರ್ಟೊ ಕನೆಸ್ಸಾ ಎಂಬ ಇಬ್ಬರು ಹುಡುಗರು ಹತ್ತು ದಿನ ನಡೆದು, ಹಿಮ ಮುಗಿದು ಹಸಿರು ಶುರುವಾಗುವ ಕಣಿವೆಗೆ ಬಂದರು. ಎದುರಿಗೆ ನದಿ. ಆಚೆ ದಡದಲ್ಲಿ ಸರ್ಜಿಯೊ ಕತಲಾನ್ ಎಂಬ ಚಿಲಿಯ ದನಗಾಹಿ. ನೀರಿನ ಸದ್ದಿನಲ್ಲಿ ಕೂಗಿದ್ದು ಕೇಳಿಸುತ್ತಿರಲಿಲ್ಲ. ಮಾರನೆಯ ದಿನ ಮತ್ತೆ ಬಂದ ಕತಲಾನ್ ಕಲ್ಲಿಗೆ ಕಾಗದ, ಪೆನ್ಸಿಲ್ ಕಟ್ಟಿ ಆಚೆಗೆ ಎಸೆದರು. ಬರೆದು ವಾಪಸು ಎಸೆದದ್ದನ್ನು ಓದಿದರು. ತಿನ್ನಲು ರೊಟ್ಟಿ ಎಸೆದು, ಕುದುರೆ ಏರಿ ಹೊರಟು, ತಾಸುಗಟ್ಟಲೆ ದೂರದ ಪೊಲೀಸ್ ಠಾಣೆಗೆ ಸುದ್ದಿ ಮುಟ್ಟಿಸಿದರು. ಗಡ್ಡ ಬೆಳೆದ, ಬಟ್ಟೆ ಹರಿದ ಅಪರಿಚಿತರಿಬ್ಬರನ್ನು ಕಂಡು ಹೆದರಿ ಹೋಗಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ದನ ಕಾಯುವವನಿಗೆ ದಾರಿ ಗೊತ್ತು, ನದಿ ಗೊತ್ತು, ಯಾರಿಗೆ ಹೇಳಿದರೆ ಕೆಲಸವಾಗುತ್ತದೆ ಎಂಬುದೂ ಗೊತ್ತು. ಇಡೀ ಚಿತ್ರದ ಭಾರ ಆ ಕೊನೆಯ ಸವಾರಿಯ ಮೇಲೆ ನಿಂತಿದೆ.

ಈಗ ನಮ್ಮವರ ಕಥೆಗೆ ಬರುತ್ತೇನೆ.

2024ರ ಮೇ 29ರಂದು ಉತ್ತರಾಖಂಡದ ಉತ್ತರಕಾಶಿ ಕಡೆಯಿಂದ 22 ಜನರ ತಂಡವೊಂದು ಸಹಸ್ರತಾಲದ ಚಾರಣಕ್ಕೆ ಹೊರಟಿತು. ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಮೂಲಕ ಹೋದ ಹದಿನೆಂಟು ಮಂದಿ ನಮ್ಮ ರಾಜ್ಯದವರು, ಒಬ್ಬರು ಮಹಾರಾಷ್ಟ್ರದವರು, ಮೂವರು ಅಲ್ಲಿಯ ಮಾರ್ಗದರ್ಶಕರು. ಕನ್ನಡಿಗರಲ್ಲಿ ಹೆಚ್ಚಿನವರು ಬೆಂಗಳೂರಿನವರು. ಎಳೆಯರ ಗುಂಪು ಅಲ್ಲ ಅದು, ಎಪ್ಪತ್ತು ದಾಟಿದ ಮಹಿಳೆಯೂ ಇದ್ದರು. ಬೆಟ್ಟ ಹತ್ತಿ ಅನುಭವವಿದ್ದವರು, ಬೆಟ್ಟವನ್ನು ಪ್ರೀತಿಸಿದವರು. ಸಹಸ್ರತಾಲ ಎಂದರೆ ಉತ್ತರಕಾಶಿ ಮತ್ತು ಟಿಹರಿ ಜಿಲ್ಲೆಗಳ ಗಡಿಯಲ್ಲಿರುವ ಎತ್ತರದ ಸರೋವರಗಳು, ಸುಮಾರು 4,400 ಮೀಟರ್ ಮೇಲೆ. ಮೂರು ಗೋಪಾಲಸ್ವಾಮಿ ಬೆಟ್ಟಗಳ ಎತ್ತರ. ಎವರೆಸ್ಟಿನ ಅರ್ಧ ಮಾತ್ರ ಎಂದು ಯಾರಿಗಾದರೂ ಅನ್ನಿಸಬಹುದು.

ಜೂನ್ 3ರ ಮಧ್ಯಾಹ್ನ, ಮೇಲೆ ಹೋಗಿ ಶಿಬಿರಕ್ಕೆ ಮರಳುವ ದಾರಿಯಲ್ಲಿ ಹವೆ ಕೆಟ್ಟಿತು. ಹಿಮ ಬೀಳತೊಡಗಿತು, ಗಾಳಿ ಎದ್ದಿತು, ಮುಂದಿನ ದಾರಿ ಕಾಣದಾಯಿತು. ಶಿಬಿರ ದೂರದಲ್ಲೇನೂ ಇರಲಿಲ್ಲ, ಆದರೆ ಹೆಜ್ಜೆ ಕಾಣದಿದ್ದರೆ ಹತ್ತಿರದ್ದೂ ದೂರವೇ. ಬಯಲಿನಲ್ಲಿ ಒಬ್ಬರಿಗೊಬ್ಬರು ಒತ್ತಿ ಕುಳಿತು ರಾತ್ರಿ ಕಳೆಯಬೇಕಾಯಿತು. ಒಟ್ಟು ಒಂಬತ್ತು ಜನ ತೀರಿಕೊಂಡರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಮಕ್ಕಳೂ ಈಗ ಹಿಮಾಲಯಕ್ಕೆ ಹೋಗುತ್ತಿದ್ದಾರೆ. ಅಂಥ ಜಾಗದಲ್ಲಿ ಕೊಲ್ಲುವುದು ಬರಿಯ ಚಳಿಯಲ್ಲ, ಗಾಳಿ ಮತ್ತು ಒದ್ದೆ. ನಮ್ಮ ಮೈ ತನ್ನ ಸುತ್ತ ಬೆಚ್ಚನೆಯ ಗಾಳಿಯ ತೆಳು ಪದರವೊಂದನ್ನು ಇಟ್ಟುಕೊಂಡಿರುತ್ತದೆ. ಬಿರುಗಾಳಿ ಅದನ್ನು ಮತ್ತೆ ಮತ್ತೆ ಕಿತ್ತೊಯ್ಯುತ್ತದೆ. ಬಟ್ಟೆ ನೆನೆದಿದ್ದರೆ ಕಾವು ಇನ್ನೂ ಬೇಗ ಹೋಗುತ್ತದೆ. ಮೈಯೊಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಮೊದಲು ನಡುಕ, ಆಮೇಲೆ ಮಾತು ತೊದಲುತ್ತದೆ, ಬೆರಳು ಗುಂಡಿ ಹಾಕಲೂ ಒಲ್ಲದು. ಕಡೆಗೆ ಬುದ್ಧಿ ಮಂಕಾಗುತ್ತದೆ. ತನಗೆ ಏನಾಗುತ್ತಿದೆ ಎಂಬುದೇ ಆ ಮನುಷ್ಯನಿಗೆ ತಿಳಿಯುವುದಿಲ್ಲ. ಆದ್ದರಿಂದ ಅಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು. ನಡುಗುತ್ತಿದ್ದವನು ನಡುಗುವುದನ್ನು ನಿಲ್ಲಿಸಿದರೆ ಸುಧಾರಿಸಿದ ಎಂದುಕೊಳ್ಳಬಾರದು, ಅಪಾಯ ಹೆಚ್ಚಾಯಿತು ಎಂದು ತಿಳಿಯಬೇಕು.

ಬೆಳಗಾದ ಮೇಲೆ ಮಾರ್ಗದರ್ಶಕರಲ್ಲೊಬ್ಬರು ಮೊಬೈಲಿಗೆ ಸಿಗ್ನಲ್ ಸಿಗುವ ಜಾಗ ಹುಡುಕಿಕೊಂಡು ಕೆಳಗೆ ನಡೆದರು. ಅವರು ಕಳಿಸಿದ ಸುದ್ದಿ ಹೊರಜಗತ್ತಿಗೆ ಮುಟ್ಟುವಾಗ ಜೂನ್ 4ರ ಸಂಜೆ. ಇಡೀ ದೇಶ ಲೋಕಸಭೆಯ ಮತ ಎಣಿಕೆಯ ಮುಂದೆ ಕುಳಿತಿದ್ದ ದಿನವದು. ಆಮೇಲೆ ಕೆಲಸ ಚುರುಕಾಯಿತು. ವಾಯುಪಡೆಯ ಹೆಲಿಕಾಪ್ಟರುಗಳು, ಉತ್ತರಾಖಂಡದ ವಿಪತ್ತು ಪಡೆಯವರು, ಅಲ್ಲಿಯ ಹಳ್ಳಿಯವರು ಸೇರಿ 13 ಜನರನ್ನು ಉಳಿಸಿ ತಂದರು. ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತರು. ತೀರಿಕೊಂಡವರನ್ನು ವಿಮಾನದಲ್ಲಿ ಬೆಂಗಳೂರಿಗೆ ತರಲಾಯಿತು.

ಯಾರ ತಪ್ಪು ಎಂದು ತೀರ್ಪು ಹೇಳಲು ನಾನು ಇಲ್ಲಿ ಕುಳಿತಿಲ್ಲ. ನೊಂದ ಮನೆಗಳಿಗೆ ಅದರಿಂದ ಏನೂ ಸಿಗದು. ಒಂದನ್ನು ಮಾತ್ರ ಹೇಳುತ್ತೇನೆ. ಸಹಸ್ರತಾಲದ ಕಥೆಯನ್ನು ಮುಂದೊಂದು ದಿನ ಕನ್ನಡದಲ್ಲಿ ಯಾರಾದರೂ ಸಿನಿಮಾ ಮಾಡಬಹುದು. ಮಾಡುವವರು ಮೊದಲು ಆ ಮನೆಗಳ ಬಾಗಿಲಿಗೆ ಹೋಗಿ ಕೇಳಿಕೊಳ್ಳಲಿ, ಬೇಡ ಎಂದರೆ ಬಿಡಲಿ. ಒಪ್ಪಿದರೆ, ಆ ಬೆಳಿಗ್ಗೆ ಕೆಳಗೆ ನಡೆದ ಮಾರ್ಗದರ್ಶಕನ ಜೊತೆಗೆ ಕ್ಯಾಮೆರಾ ನಡೆಯಲಿ. ರಾತ್ರಿಯಿಡೀ ಸಾವು ನೋಡಿದ ಮನುಷ್ಯ ಅವರು. ಹಿಂದೆ ಕುಳಿತವರಲ್ಲಿ ಎಷ್ಟು ಜನ ಸಂಜೆಯವರೆಗೆ ಉಳಿಯುತ್ತಾರೋ ಗೊತ್ತಿಲ್ಲ. ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ಸಿಗ್ನಲ್ ಇಲ್ಲ. ಪ್ರತಿ ತಿರುವಿನಲ್ಲಿ ನಿಂತು ನೋಡಬೇಕು, ಮತ್ತೆ ನಡೆಯಬೇಕು. ಅದಕ್ಕಿಂತ ದೊಡ್ಡ ಕಥೆ ಯಾವುದಿದೆ?

ಅದೇ ವರ್ಷ ಜುಲೈ 30ರ ನಸುಕಿನಲ್ಲಿ ನಮ್ಮ ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿದದ್ದನ್ನು ಗುಂಡ್ಲುಪೇಟೆಯವರಿಗೆ ನಾನು ನೆನಪಿಸಬೇಕಿಲ್ಲ. ದುಡಿಯಲು ಹೋಗಿ ಅಲ್ಲೇ ನೆಲೆಸಿದ್ದ ನಮ್ಮ ಜಿಲ್ಲೆಯವರೂ ಆ ಮಣ್ಣಿನಡಿ ಹೋದರು. ಆ ದಿನಗಳಲ್ಲೇ ಅರಣ್ಯ ಇಲಾಖೆಯ ಕೆಲವರು ಮಳೆಯಲ್ಲಿ, ಜಾರುವ ಬಂಡೆಯಲ್ಲಿ ಹಗ್ಗ ಹಿಡಿದು ಇಳಿದು ಗುಹೆಯೊಂದರಲ್ಲಿ ಹಸಿದು ಕುಳಿತಿದ್ದ ಬುಡಕಟ್ಟಿನ ಪುಟ್ಟ ಮಕ್ಕಳನ್ನು ಎದೆಗೆ ಕಟ್ಟಿಕೊಂಡು ಮೇಲೆ ತಂದರು. ಪತ್ರಿಕೆಯಲ್ಲಿ ಆ ಚಿತ್ರ ನೋಡಿದವರು ಮರೆತಿರಲಾರರು.

ಈ ಕಥೆಗಳನ್ನೆಲ್ಲ ನಮ್ಮ ಜಿಲ್ಲೆಯಲ್ಲಿ ನಿಂತು ಏಕೆ ಹೇಳುತ್ತಿದ್ದೇನೆ ಎಂದರೆ, ನಮ್ಮಲ್ಲಿ ಬೆಟ್ಟವೆಂದರೆ ಮೊದಲು ದೇವರು. ಮಲೆ ಮಹದೇಶ್ವರನಿಗೆ ಎಪ್ಪತ್ತೇಳು ಮಲೆ ಎಂದು ನಂಬಿದ ಜನ ನಾವು. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ತಾಳಬೆಟ್ಟದಿಂದ ಬರಿಗಾಲಲ್ಲಿ ಉಘೇ ಎನ್ನುತ್ತ ಹತ್ತುವವರು ಸಾವಿರಾರು ಮಂದಿ. ಗೋಪಾಲಸ್ವಾಮಿ ಬೆಟ್ಟಕ್ಕೆ ತಪ್ಪಲಿನಿಂದ ಸರ್ಕಾರಿ ಬಸ್ಸಿನಲ್ಲಿ ಹೋಗಿ, ಮಂಜಿನಲ್ಲಿ ನಿಂತು ಕೈ ಮುಗಿದು, ಸಂಜೆಗೆ ಮೊದಲೇ ಇಳಿದುಬಿಡಬೇಕು. ನಾಗಮಲೆಗೆ ನಡೆಯುವವರು ಹಿಂದೆ ಭಕ್ತರಷ್ಟೇ, ಈಗ ಶನಿವಾರ, ಭಾನುವಾರ ಬೆಂಗಳೂರಿನಿಂದ ಚಾರಣದವರೂ ಬರುತ್ತಾರೆ. ಬರಲಿ. ಆದರೆ ಹತ್ತುವ ಮುನ್ನ ಅಲ್ಲಿಯ ಸೋಲಿಗರ ಹಿರಿಯರೋ ಬೇಡಗಂಪಣರೋ ಮೋಡ ನೋಡಿ, “ಮಳೆ ಬತ್ತದೆ ಬುದ್ಧಿ, ಇವತ್ತು ಬ್ಯಾಡ” ಎಂದರೆ ಆ ಮಾತಿಗೆ ತಿರುಗಿ ಬನ್ನಿ. ಎವರೆಸ್ಟಿನಲ್ಲಿ ಎರಡು ಗಂಟೆಯ ಕಟ್ಟಳೆಗೆ ಇದ್ದ ಬೆಲೆಯೇ ಆ ಮಾತಿಗೂ ಇದೆ.

ಹೊರಗಿನವರು ಬೆಟ್ಟ ಹತ್ತಲು ಬರುವ ಊರುಗಳಲ್ಲಿ ಇರುವವರಿಗೆ ಬೆಟ್ಟ ಇಳಿಯುವುದೇ ದೊಡ್ಡ ಕಷ್ಟ. ಹನೂರು ತಾಲ್ಲೂಕಿನ ದೊಡ್ಡಾಣೆ, ತೋಕೆರೆ, ಪಡಸಲನತ್ತ, ಇಂಡಿಗನತ್ತ, ತುಳಸಿಕೆರೆ. ಈ ಹೆಸರುಗಳನ್ನು ನೀವು ಪತ್ರಿಕೆಯಲ್ಲಿ ಓದಿದ್ದೀರಿ, ಹೆಚ್ಚಾಗಿ ಒಂದೇ ಕಾರಣಕ್ಕೆ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು, ಜ್ವರದಲ್ಲಿ ಬಿದ್ದ ಮುದುಕನನ್ನು ಡೋಲಿಯಲ್ಲಿ ಹೊತ್ತು ತಂದರು ಎಂಬ ಸುದ್ದಿಗೆ. ಬಿದಿರ ಗಳಕ್ಕೆ ಬಟ್ಟೆ ಕಟ್ಟಿ ಜೋಲಿ ಮಾಡುತ್ತಾರೆ. ಮುಂದೆ ಒಂದು ಹೆಗಲು, ಹಿಂದೆ ಒಂದು ಹೆಗಲು. ಸಾಕಾದವನ ಜಾಗಕ್ಕೆ ಪಕ್ಕದಲ್ಲಿ ನಡೆಯುವವನು ಬಂದು ಹೆಗಲು ಕೊಡುತ್ತಾನೆ. ರಾತ್ರಿಯಾದರೆ ಒಬ್ಬ ಮುಂದೆ ಬೆಳಕು ಹಿಡಿದು ಆನೆ ಇದೆಯೋ ನೋಡುತ್ತ ಹೋಗಬೇಕು. ಮೈಲಿಗಟ್ಟಲೆ ಕಲ್ಲು ದಾರಿ. ಅವರಿಗಿಂತ ಮುಂಚೆ ಒಬ್ಬ ಹುಡುಗ ಇಳಿದು ಓಡಿರುತ್ತಾನೆ, ಸಿಗ್ನಲ್ ಇರುವ ದಿಣ್ಣೆಗೆ ಹೋಗಿ 108ಕ್ಕೆ ಫೋನ್ ಮಾಡಲು.

ಆ ಹುಡುಗನಿಗೂ ಸಹಸ್ರತಾಲದಿಂದ ಇಳಿದ ಮಾರ್ಗದರ್ಶಕನಿಗೂ ನನಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಕತಲಾನ್ ಏರಿದ್ದು ಕುದುರೆ, ಇವನಿಗೆ ಅದೂ ಇಲ್ಲ.

ಕೆಲವು ವರ್ಷಗಳ ಹಿಂದೆ ಮಲೆ ಮಹದೇಶ್ವರ ವನ್ಯಧಾಮದ ಅರಣ್ಯಾಧಿಕಾರಿಗಳು ಈ ಹಳ್ಳಿಗಳಿಗೆ ‘ಜನ-ವನ ಸೇತುವೆ’ ಎಂಬ ಹೆಸರಿನಲ್ಲಿ ಜೀಪುಗಳನ್ನು ಓಡಿಸಿದರು. ಶಾಲೆಗೆ ಹೋಗುವ ಮಕ್ಕಳು, ಪಡಿತರ ತರುವವರು, ಕಾಯಿಲೆಯವರು ಅದರಲ್ಲಿ ಬಂದರು. ಕಾಡನ್ನು ಕಾಯುವ ಇಲಾಖೆ ಕಾಡಿನ ಜನರನ್ನೂ ಕಾಯಬಹುದು ಎಂದು ತೋರಿಸಿದ ಕೆಲಸವದು, ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಜೀಪಿಗೆ ದಾರಿ ಬೇಕು, ಮಳೆಗೆ ದಾರಿ ಕೊಚ್ಚಿ ಹೋಗುತ್ತದೆ. ವನ್ಯಧಾಮದಲ್ಲಿ ರಸ್ತೆ ಮಾಡಲು ಕಾನೂನಿನ ಕಟ್ಟುಗಳಿವೆ, ಇರಬೇಕಾದ್ದೂ ಹೌದು. ದೊಡ್ಡ ರಸ್ತೆಯನ್ನು ನಾನು ಕೇಳುತ್ತಿಲ್ಲ. ಆಂಬುಲೆನ್ಸ್ ಬರುವಷ್ಟು ಗಟ್ಟಿ ದಾರಿ, ಕರೆ ಹೋಗುವಷ್ಟು ಸಿಗ್ನಲ್, ವಾರಕ್ಕೊಮ್ಮೆಯಾದರೂ ಊರಿಗೇ ಬರುವ ನರ್ಸಮ್ಮ. ಕಾಡಿಗೂ ಆನೆಗೂ ತೊಂದರೆಯಾಗದಂತೆ ಇಷ್ಟನ್ನು ಮಾಡಲು ಆಗುತ್ತದೆ.

ಚಾಮರಾಜನಗರದಲ್ಲಿ, ಗುಂಡ್ಲುಪೇಟೆಯಲ್ಲಿ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ಈಗ ತುಂಬ ಇದ್ದಾರೆ. ಒಳ್ಳೆಯ ಕ್ಯಾಮೆರಾ ಮೊಬೈಲಿನಲ್ಲೇ ಇದೆ. ನಿಮಗೆ ನನ್ನದೊಂದು ಕೋರಿಕೆ. ಬೆಟ್ಟದ ಸಿನಿಮಾ ಮಾಡಬೇಕೆಂಬ ಆಸೆಯಿದ್ದರೆ ಹಿಮಾಲಯಕ್ಕೆ ಹೋಗುವ ಮುನ್ನ ಒಂದು ಮಳೆಗಾಲದಲ್ಲಿ ದೊಡ್ಡಾಣೆಗೆ ಹೋಗಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿ. ಊರವರ ಜೊತೆ ಎರಡು ದಿನ ಇರಿ, ಅವರು ಒಪ್ಪಿದ ಮೇಲೆ ಕ್ಯಾಮೆರಾ ತೆಗೆಯಿರಿ. ಕಳೆದ ಸಲ ಡೋಲಿ ಹೊತ್ತವರು ಯಾರು, ಓಡಿದ ಹುಡುಗ ಯಾರು ಎಂದು ಕೇಳಿ. ಅವರ ಹಿಂದೆಯೇ ಆ ದಾರಿಯಲ್ಲಿ ಕೆಳಗಿನವರೆಗೆ ನಡೆದು ಬನ್ನಿ. ಆಮೇಲೆ ಆ ಚಿತ್ರವನ್ನು ಮೊದಲು ಜಿಲ್ಲಾಡಳಿತ ಭವನದಲ್ಲಿ ತೋರಿಸಿ, ಅಧಿಕಾರಿಗಳನ್ನೂ ಶಾಸಕರನ್ನೂ ಕರೆದು, ಹೊತ್ತವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.